ಹದಿನೆಂಟಾದ ಮೇಲೆ ಒಂದು ಟಕ್

ಹಿರೇಬಂಡಿ ಕ್ಯಾಂಪಿನ ಮಕ್ಕಳಿಗೆ ಇಪ್ಪತ್ತರ ತನಕ ಎಣಿಸಲು ಬರುವುದಿಲ್ಲ ಎಂಬ ಮಾತು ಒಂದು ಕಾಲಕ್ಕೆ ಸುತ್ತಲಿನ ಊರುಗಳಲ್ಲೆಲ್ಲ ಹಬ್ಬಿತ್ತು. ಮಾತು ಸುಳ್ಳೇನಲ್ಲ. ಹದಿನಾರು, ಹದಿನೇಳು, ಹದಿನೆಂಟು ಎಂದು ಸರಾಗವಾಗಿ ಬರುತ್ತಿದ್ದ ಮಗು ಅಲ್ಲಿಗೆ ಬಂದೊಡನೆ ಬಾಯಿ ಮುಚ್ಚಿ, ಕೈಗೆ ಸಿಕ್ಕಿದ್ದರ ಮೇಲೆ ಬೆರಳ ಗೆಣ್ಣಿನಿಂದ ‘ಟಕ್’ ಎಂದು ಒಮ್ಮೆ ಬಡಿದು, ಇಪ್ಪತ್ತು ಎಂದು ಮುಂದಕ್ಕೆ ಹೋಗುತ್ತಿತ್ತು. ಗೋಲಿ ಎಣಿಸಲಿ, ಕಣ್ಣಾಮುಚ್ಚಾಲೆಗೆ ಎಣಿಸಲಿ, ಬುಟ್ಟಿಯೊಳಗಿನ ರೊಟ್ಟಿ ಎಣಿಸಲಿ, ಇದೇ ಕ್ರಮ. ಹೊರಗಿನಿಂದ ಬಂದ ಮೇಷ್ಟ್ರು ಮೊದಲ ವಾರ ಬೆತ್ತ ಹಿಡಿದು ತಿದ್ದಲು ಹೋಗುತ್ತಿದ್ದರು. ಎರಡನೇ ವಾರ ಸೋತು ಸುಮ್ಮನಾಗುತ್ತಿದ್ದರು. ಕ್ಯಾಂಪಿನ ಮನೆಗಳ ನಂಬರೂ ಹಾಗೆಯೇ. ಹದಿನೆಂಟರ ಪಕ್ಕದ ಬಾಗಿಲ ಮೇಲೆ ಒಂದು ಬಿಳಿ ಚುಕ್ಕೆ, ಅದರಾಚೆ ಇಪ್ಪತ್ತು.

ಆ ಬಿಳಿ ಚುಕ್ಕೆಯ ಮನೆಯಲ್ಲಿ ಬೆಳೆದವಳು ಅಮರಮ್ಮ. ಈಗ ಅವಳಿಗೆ ಅರವತ್ತಕ್ಕೆ ಒಂದು ತಿಂಗಳು ಕಡಿಮೆ. ಅಂದರೆ ನಿವೃತ್ತಿಗೂ ಒಂದು ತಿಂಗಳು. ಅವಳಪ್ಪ ಈ ಬಂಗಾರದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದವನು. ಅವಳು ಆರು ವರ್ಷದವಳಿದ್ದಾಗ ಇನ್ನೂ ಹತ್ತು ಜನರ ಜೊತೆ ಕೆಳಗೇ ಉಳಿದುಹೋದವನು. ಅಪ್ಪನ ಬಗ್ಗೆ ಅವಳಿಗೆ ನೆನಪಿರುವುದು ಮೂರೇ ಸಂಗತಿ. ಶರ್ಟಿನ ಕಾರ್ಬೈಡ್ ದೀಪದ ವಾಸನೆ, ನಾಲ್ಕು ಡಬ್ಬಿಯ ಬುತ್ತಿ ಕ್ಯಾರಿಯರ್, ಮತ್ತು ಪಾಳಿ ಮುಗಿಸಿ ಬಂದವನು ಬಾಗಿಲ ಮೇಲೆ ಬಡಿಯುತ್ತಿದ್ದ ರೀತಿ. ಟಕ್ ಟಕ್ ಟಕ್. ಗಣಿಯ ಬಾವಿಯಂಥ ಶಾಫ್ಟಿನಲ್ಲಿ ಜನರನ್ನು ಇಳಿಸಿ ಏರಿಸುವ ಕೇಜಿನವರ ಭಾಷೆಯಲ್ಲಿ ಮೂರು ಬಡಿತ ಎಂದರೆ ‘ಜನ ಹತ್ತಿದ್ದಾರೆ, ಮೇಲಕ್ಕೆಳೆಯಿರಿ’ ಎಂದು. ಅವಳು ಓಡಿಹೋಗಿ ಅಗಳಿ ಎಳೆಯುತ್ತಿದ್ದಳು. ಅಷ್ಟು ಖುಷಿ ಅವಳಿಗೆ ಆಮೇಲೆ ಯಾವ ಬಾಗಿಲು ತೆಗೆಯುವುದರಲ್ಲೂ ಸಿಗಲಿಲ್ಲ.

ಬಂಗಾರ ಮುಗಿದು ಗಣಿ ಮುಚ್ಚಿತು. ಸೈರನ್ ನಿಂತಿತು. ಸೈರನ್ ಇಲ್ಲದೆ ಯಾವಾಗ ಅನ್ನಕ್ಕಿಡಬೇಕೆಂದು ತಿಳಿಯದೆ ಕ್ಯಾಂಪಿನ ಹೆಂಗಸರು ಎಷ್ಟೋ ದಿನ ಪೇಚಾಡಿದರು. ಮನೆಗಳು ಒಂದೊಂದೇ ಖಾಲಿಯಾದವು. ಹಾಗೆ ಮೂವತ್ತು ವರ್ಷ ಮಲಗಿದ್ದ ಗಣಿಗೆ ಮತ್ತೆ ಜೀವ ಬಂದದ್ದು ಒಂದು ಗಡಿಯಾರದಿಂದ.

ಅದು ಥೋರಿಯಂ ಗಡಿಯಾರ. ಪರಮಾಣುವಿನ ನಡುವಿನ ಬೀಜವೇ ಅದರ ಲೋಲಕ. ಲೇಸರ್ ಬೆಳಕಿನಿಂದ ಅದನ್ನು ಮೀಟಿ, ಅದರ ಮಿಡಿತವನ್ನು ಎಣಿಸುತ್ತಾರೆ. ಭಾರವಾದ ವಸ್ತುವಿನ ಹತ್ತಿರ ಕಾಲ ನಿಧಾನವಾಗಿ ಹರಿಯುತ್ತದೆ ಎಂಬುದು ಹಳೆಯ ಸಂಗತಿ. ಮಾಳಿಗೆಯ ಮೇಲೆ ಕೂತವರು ನೆಲದ ಮೇಲೆ ಕೂತವರಿಗಿಂತ ಒಂದು ಚೂರು ಬೇಗ ಮುದುಕರಾಗುತ್ತಾರೆ. ಆ ಚೂರು ಎಷ್ಟು ಸಣ್ಣದೆಂದರೆ ಅದರಿಂದ ಯಾರ ಕೂದಲೂ ನೆರೆದದ್ದಿಲ್ಲ. ಆದರೆ ಈ ಗಡಿಯಾರಕ್ಕೆ ಅದು ಕಾಣುತ್ತಿತ್ತು. ದಶಮಾಂಶ ಚುಕ್ಕೆಯ ಮುಂದೆ ಇಪ್ಪತ್ತೊಂದನೇ ಸ್ಥಾನದ ತನಕ ಅದರ ಕಣ್ಣು. ಸುತ್ತ ಎಷ್ಟು ಬಂಡೆ ಇದೆ, ಎಷ್ಟು ನೀರಿದೆ ಎಂಬುದನ್ನು ಅದು ಕೂತಲ್ಲೇ ತೂಗಿ ಹೇಳಬಲ್ಲದು. ಇದು ನಿಜವೆಂದು ಸಿದ್ಧವಾದರೆ ನೆಲ ಅಗೆಯದೆಯೇ ಅಂತರ್ಜಲ ಅಳೆಯಬಹುದು, ಭೂಕಂಪದ ಸುಳಿವು ಹಿಡಿಯಬಹುದು ಎಂದು ಜಗತ್ತೆಲ್ಲ ಕಾದಿತ್ತು. ಸದ್ದುಗದ್ದಲ ತಟ್ಟದ ಜಾಗ ಬೇಕೆಂದು ಅದನ್ನು ಹಿರೇಬಂಡಿಯ ಇಪ್ಪತ್ತನೇ ಲೆವೆಲ್ ಎಂಬ ಅಡ್ಡ ಸುರಂಗದಲ್ಲಿ, ಎರಡು ಸಾವಿರ ಅಡಿ ಆಳದಲ್ಲಿ ಇಟ್ಟರು. ಅದರ ಜೋಡಿ ಗಡಿಯಾರ ಮೇಲಿನ ಕಂಟ್ರೋಲ್ ರೂಮಿನ ಪಕ್ಕದಲ್ಲಿತ್ತು. ಎರಡರ ನಡುವಿನ ವ್ಯತ್ಯಾಸ ಲೆಕ್ಕಕ್ಕೆ ತಾಳೆಯಾಗಬೇಕು.

ತಾಳೆಯಾಗಲಿಲ್ಲ.

“ಮತ್ತೆ ಅದೇ ಏಳು,” ಎಂದರು ಡಾ. ಚೇತನಾ ಬಲ್ಲಾಳ್. ಮಂಗಳೂರು ಕಡೆಯವರು, ಪ್ರಯೋಗಾಲಯದ ಮುಖ್ಯಸ್ಥೆ, ಅಮರಮ್ಮನಿಗಿಂತ ಹದಿನೈದು ವರ್ಷಕ್ಕೆ ಚಿಕ್ಕವರು. ಕಂಟ್ರೋಲ್ ರೂಮಿನ ಪರದೆಯ ಮೇಲೆ ಇಪ್ಪತ್ತೊಂದನೇ ಸ್ಥಾನದಲ್ಲಿ ಏಳು ಎಂಬ ಅಂಕಿ ಎಂಟು ತಿಂಗಳಿಂದ ಕದಲದೆ ಕೂತಿತ್ತು. ಕೆಳಗಿನ ಗಡಿಯಾರ ಲೆಕ್ಕಕ್ಕಿಂತ ಅಷ್ಟು ಬೇಗ ಓಡುತ್ತಿತ್ತು. “ಲೇಸರ್ ಬದಲಾಯಿಸಿ ಆಯಿತು. ಚಂದ್ರ ಎಳೆಯುವಾಗ ನೆಲ ಉಬ್ಬುವುದನ್ನೂ ಕಳೆದು ಆಯಿತು. ಸೋಮವಾರ ಸಮಿತಿಯವರು ಕೂತ್ಕೊಳ್ತಾರೆ ಅಮರಮ್ಮ. ಕಾರಣ ಹೇಳದಿದ್ದರೆ ಉಪಕರಣದಲ್ಲೇ ದೋಷ ಅಂತ ಬರೆದು ಮುಚ್ಚಿಬಿಡ್ತಾರೆ.”

“ಗಡಿಯಾರ ತಪ್ಪಂಗಿಲ್ಲ ಮೇಡಂ. ನಾನು ಎಂಟು ವರ್ಷದಿಂದ ನೋಡಾಕತ್ತೀನಿ,” ಎಂದಳು ಅಮರಮ್ಮ. ಅವಳು ಉಪಕರಣಗಳ ಮೇಲ್ವಿಚಾರಕಿ. ಆ ಗಡಿಯಾರದ ಉಕ್ಕಿನ ಪೆಟ್ಟಿಗೆಯನ್ನು ಮಗುವಿನ ತೊಟ್ಟಿಲಿನಂತೆ ಕೆಳಗಿಳಿಸಿದವಳು ಅವಳೇ.

“ಗಡಿಯಾರ ಸರಿ ಇದ್ದರೆ ಲೆಕ್ಕ ತಪ್ಪು. ಲೆಕ್ಕ ಅಂದ್ರೆ ನಕ್ಷೆ. ಎಲ್ಲೆಲ್ಲಿ ಎಷ್ಟು ಬಂಡೆ ಅಂತ ಅದರಿಂದ ತಾನೇ ಹಾಕಿದ್ದು.” ಚೇತನಾ ಅವಳ ಕಡೆ ತಿರುಗಿ, “ಬೇಸರ ಮಾಡ್ಕೋಬೇಡಿ. ನಕ್ಷೆ ಇನ್ನೊಮ್ಮೆ ನೋಡ್ತೀರಾ?” ಎಂದು ಕೇಳಿದರು.

ಅಮರಮ್ಮನಿಗೆ ಬೇಸರವಾಯಿತು. ಬೇಸರವೇನು, ಮೈಯೆಲ್ಲ ಉರಿಯಿತು. ಗಣಿಯ ಅಸಲಿ ನಕ್ಷೆಗಳು ಗೆದ್ದಲು ತಿಂದು ಹೋಗಿದ್ದವು. ನಾಲ್ಕು ವರ್ಷದ ಹಿಂದೆ ಬದುಕಿದ್ದ ಹಳೆಯ ಕಾರ್ಮಿಕರನ್ನೆಲ್ಲ ಕೂರಿಸಿ, ಚಹಾ ಕುಡಿಸಿ, ಯಾವ ಲೆವೆಲ್ ಎಷ್ಟುದ್ದ, ಎಲ್ಲಿ ಟೊಳ್ಳು, ಎಲ್ಲಿ ಗಟ್ಟಿ ಎಂದು ಕೇಳಿ ರೆಕಾರ್ಡ್ ಮಾಡಿ ಇಡೀ ಗಣಿಯನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದವಳು ಅವಳು. ಆ ಕೆಲಸಕ್ಕೆ ಪ್ರಶಸ್ತಿ ಬಂದಿತ್ತು. ಹದಿನೆಂಟಾದ ಮೇಲೆ ನೇರ ಇಪ್ಪತ್ತು ಬರುವುದನ್ನು ಕಂಡು ಚೇತನಾ ಆಗಲೇ ಕೇಳಿದ್ದರು. “ನಮ್ಮಲ್ಲಿ ಆ ನಂಬರೇ ಇಲ್ಲ ಮೇಡಂ,” ಎಂದಿದ್ದಳು ಅಮರಮ್ಮ. ದೊಡ್ಡ ಹೋಟೆಲುಗಳಲ್ಲಿ ಹದಿಮೂರನೇ ಮಹಡಿ ಇಲ್ಲದ ಹಾಗೆ ಇದೂ ಒಂದು ಎಂದು ಚೇತನಾ ನಕ್ಕು ಬಿಟ್ಟಿದ್ದರು.

ಆದರೂ ಹೇಳಿದ ಮೇಲೆ ನೋಡಲೇಬೇಕಲ್ಲ. ಊಟವಾದ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿ ಹಳೆಯ ರೆಕಾರ್ಡುಗಳನ್ನು ತೆರೆದಳು. ಮೊದಲು ಸಿಕ್ಕಿದ್ದು ಮೌಲಾಸಾಬ್ ಕಾಕಾನ ದನಿ. ಗಣಿಯಲ್ಲಿ ಮರದ ಆಸರೆ ಕಟ್ಟುತ್ತಿದ್ದ ಮುದುಕ. ರೆಕಾರ್ಡ್ ಮಾಡಿದ ಮರುವರ್ಷ ತೀರಿಹೋದ. ಅವನ ಕೆಮ್ಮು, ಎಲೆ ಅಡಿಕೆ ಜಗಿಯುವ ಸದ್ದು, “ಬರಕೋಳವ್ವಾ ತಂಗಿ” ಎಂಬ ಮಾತು ಕೇಳುತ್ತಲೇ ಅವಳು ದನಿಯನ್ನು ಇನ್ನಷ್ಟು ಏರಿಸಿದಳು. ಸಣ್ಣವಳಿದ್ದಾಗ ರಂಜಾನಿಗೆ ಅವಳ ಪಾಲಿನ ಸುರ್‌ಕುರುಮಾ ಪಾಯಸ ಬೇರೆ ತೆಗೆದಿಡುತ್ತಿದ್ದವನು ಅವನು. ಅವನ ಮನೆ ಮುಂದಿನ ಬೇವಿನ ಮರದ ಕೆಳಗೆ ಇಡೀ ಕ್ಯಾಂಪಿನ ಮಕ್ಕಳು ಆಡುತ್ತಿದ್ದರು.

“ಹದಿನೇಳು, ಎಡಕ್ಕ ಎಂಬತ್ತು ಹೆಜ್ಜಿ, ಎಲ್ಲಾ ಗಟ್ಟಿ ಕಲ್ಲು,” ಎನ್ನುತ್ತಿತ್ತು ದನಿ. “ಹದಿನೆಂಟು, ಬಲಕ್ಕ ತೊಂಬತ್ತು ಹೆಜ್ಜಿ, ಅಲ್ಲಿ ನೀರು ಸೋರತದ. ಇಪ್ಪತ್ತು…”

ಅಮರಮ್ಮ ಅದನ್ನು ನಿಲ್ಲಿಸಿದಳು. ರೆಕಾರ್ಡಿನಲ್ಲಿ ಏನೂ ವಿಶೇಷವಿರಲಿಲ್ಲ. ಆದರೆ ಅವಳ ಬಲಗೈಯ ಗೆಣ್ಣು ಮೇಜಿನ ಮೇಲೆ ಬಡಿದಿತ್ತು. ಅವಳಿಗೇ ಗೊತ್ತಿಲ್ಲದೆ.

ಹಿಂದಕ್ಕೆ ಎಳೆದು ಮತ್ತೆ ಕೇಳಿದಳು, ಈ ಸಲ ಕೈ ಮಡಚಿಟ್ಟುಕೊಂಡು. ಅಲ್ಲಿತ್ತು. ನೀರು ಸೋರತದ, ಟಕ್, ಇಪ್ಪತ್ತು. ಕಾಕಾ ಕುರ್ಚಿಯ ಹಿಡಿಯ ಮೇಲೆ ಬಡಿದಿದ್ದ. ಇನ್ನೊಬ್ಬ ಮುದುಕನ ರೆಕಾರ್ಡ್ ತೆರೆದಳು: ಟಕ್. ಮತ್ತೊಬ್ಬನದು: ಟಕ್. ಒಂಬತ್ತು ಮಂದಿಯೂ ಆ ಜಾಗದಲ್ಲಿ ಬಡಿದಿದ್ದರು. ಹೊರಗಿನವರಾಗಿದ್ದರೆ ಇದೇನು ಸದ್ದು ಎಂದು ಮೊದಲ ದಿನವೇ ಕೇಳಿರುತ್ತಿದ್ದರು. ಕ್ಯಾಂಪಿನಲ್ಲಿ ಹುಟ್ಟಿದ ಅಮರಮ್ಮನ ಕಿವಿಗೆ ಅಲ್ಲಿ ಯಾವ ಕೊರತೆಯೂ ಕಂಡಿರಲಿಲ್ಲ. ಮುದುಕರು ಒಂದು ಲೆವೆಲ್ ಹೇಳಿದ್ದರು, ತಮಗೆ ಬರುವ ಹಾಗೆ. ಅವಳು ಅದನ್ನು ಬರೆದುಕೊಂಡಿರಲಿಲ್ಲ. ಬಿಟ್ಟುಹೋದದ್ದು ಬರೀ ನಂಬರಲ್ಲ, ಇದ್ದ ಲೆವೆಲ್ಲನ್ನೇ ಅವಳು ನಕ್ಷೆಯಲ್ಲಿ ಬಂಡೆ ಎಂದು ತುಂಬಿಬಿಟ್ಟಿದ್ದಳು.

ಮಧ್ಯಾಹ್ನ ಮೂರಕ್ಕೇ ರಜೆ ಹಾಕಿ ಮನೆಗೆ ಬಂದಳು. ಎಂಬತ್ನಾಲ್ಕು ವರ್ಷದ ಅವ್ವ ಹುಲಿಗೆಮ್ಮ ಅಂಗಳದಲ್ಲಿ ಕಾಲು ಚಾಚಿ ಕೂತು ಸಂಡಿಗೆ ಎಣಿಸುತ್ತಿದ್ದಳು. ಹದಿನೆಂಟು, ಮೊರಕ್ಕೊಂದು ಟಕ್, ಇಪ್ಪತ್ತು.

“ಯವ್ವಾ, ಅಪ್ಪ ಯಾವ ಲೆವೆಲ್ದಾಗ ಇದ್ದ?”

ಹುಲಿಗೆಮ್ಮನ ಕೈ ನಿಂತಿತು. “ಐವತ್ನಾಕು ವರ್ಷ ಕೇಳಲಾರದ್ದು ಈಗ್ಯಾಕ ಕೇಳ್ತಿ?”

“ಗಡಿಯಾರ ಕೇಳಾಕತ್ತದ ಬೇ. ಅಲ್ಲಿ ಕಲ್ಲು ಇರಬೇಕಾದಲ್ಲಿ ಕಲ್ಲಿಲ್ಲ ಅಂತದ.”

ಮುದುಕಿ ಮಗಳನ್ನು ದಿಟ್ಟಿಸಿ ನೋಡಿದಳು. “ಹಂಗಂದ್ರ?”

“ಟೊಳ್ಳದ ಅಂತ.”

ಮೊರ ಪಕ್ಕಕ್ಕೆ ಸರಿಯಿತು. ಹುಲಿಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಆಡಿದ ಮಾತು, ಎಷ್ಟೋ ವರ್ಷ ತನ್ನೊಳಗೇ ಆಡಿ ಆಡಿ ನುಣುಪಾದ ಮಾತಿನಂತೆ, ಎಲ್ಲೂ ತಡವರಿಸದೆ ಬಂತು.

“ಆ ಲೆವೆಲ್ಲಿನ ಬಾಯಿ ಕಡೆ ಕುಸೀತು. ಹನ್ನೊಂದು ಮಂದಿ ಒಳಗ. ನಾವು ಹೆಣ್ಮಕ್ಕಳೆಲ್ಲ ಎರಡು ದಿನ ಶಾಫ್ಟಿನ ಮುಂದ ಕುಂತ್ವಿ. ನಂಗ ತಲಿ ಭಾರಾಗಿ, ಕೆಳಗ ಗಾಳಿ ಒಯ್ಯೋ ಪೈಪ್ ಇತ್ತಲ್ಲ, ಅದಕ್ಕ ತಲಿ ಆನಿಸಿದ್ನಿ. ಪೈಪಿನಾಗ ಕೇಳ್ತು. ಟಕ್. ಸ್ವಲ್ಪ ಬಿಟ್ಟು ಮತ್ತ ಟಕ್. ಒಂದೊಂದ. ಒಂದು ಅಂದ್ರೇನು ಗೊತ್ತೇನು ನಿಂಗ?”

“ಮೂರು ಗೊತ್ತು. ಒಂದು ಗೊತ್ತಿಲ್ಲ.”

“ಒಂದು ಅಂದ್ರ ‘ನಿಲ್ಸು’. ಹೊಂಟ ಕೇಜ್ ನಿಲ್ಸಬೇಕಂದ್ರ ಒಂದ ಸಲ ಬಡೀತಾರ. ಇಲ್ಲಿ ಮಂದಿ ಅದೀವಿ, ದಾಟಿ ಹೋಗಬ್ಯಾಡ್ರಿ ಅಂತ.” ಅವಳು ನೆಲಕ್ಕೆ ಒಮ್ಮೆ ಬಡಿದು ತೋರಿಸಿದಳು. “ಸಾಹೇಬಗ ಹೇಳಿದ್ನಿ. ಪೈಪು ತಣ್ಣಗಾಗುವಾಗ ಸಪ್ಪಳ ಬರ್ತದಮ್ಮಾ ಅಂದ. ಲೆವೆಲ್ ಪೂರಾ ಕುಸಿದು ತುಂಬೇದ, ಉಳಿದಷ್ಟಕ್ಕ ಮರಳು ತುಂಬಿ ಮುಚ್ಚೀವಿ ಅಂತ ಬರದು ಕೊಟ್ರು. ಯಾರೂ ನನ್ನ ಮಾತು ನಂಬಲಿಲ್ಲ. ಮೂರನೇ ದಿನ ಬಾಯಿಗೆ ಸಿಮೆಂಟ್ ಹಾಕಿದ್ರು.”

ಅಮರಮ್ಮ ಹತ್ತಿರ ಸರಿದಳು. ಅವ್ವನ ಮೊಣಕಾಲ ಮೇಲೆ ಕೈಯಿಟ್ಟು ಕೂತಳು.

“ನಂಬರ್ ಹೇಳಿ ಮುಂದ ಹೋದ್ರ, ಕೇಜ್ ಅವರನ್ನ ದಾಟಿ ಹೋದಂಗ ಆಗ್ತದ ಅಂತ ನಾವು ಹನ್ನೊಂದು ಮಂದಿ ಹೆಣ್ಮಕ್ಕಳು ಮಾತಾಡಿಕೊಂಡ್ವಿ. ಆ ಜಾಗಕ್ಕ ಬಂದಾಗ ಹೇಳಂಗಿಲ್ಲ, ಬಡೀಬೇಕು ಅಂತ. ಮಕ್ಕಳಿಗೆ ಯಾಕಂತ ಹೇಳಲಿಲ್ಲ. ಬಡಿಯೋದು ಕಲಿಸಿದ್ವಿ, ಅಷ್ಟ ಸಾಕು ಅಂತ.”

ಐವತ್ತನಾಲ್ಕು ವರ್ಷ! ಗೋಲಿ ಎಣಿಸುತ್ತ, ರೊಟ್ಟಿ ಎಣಿಸುತ್ತ, ಶಾಲೆಯಲ್ಲಿ ಪೆಟ್ಟು ತಿನ್ನುತ್ತ, ಒಂದು ಊರಿಗೆ ಊರೇ ಕೇಜ್ ನಿಲ್ಲಿಸಿ ಎಂದು ಬಡಿಯುತ್ತ ಬಂದಿತ್ತು. ಅಮರಮ್ಮನಿಗೆ ಅಳು ತಡೆಯಲಾಗಲಿಲ್ಲ. ಹುಲಿಗೆಮ್ಮ ಅಳಲಿಲ್ಲ. “ಗಡಿಯಾರದ ಮಾತಾದ್ರೂ ನಂಬ್ತಾರೇನು?” ಎಂದಷ್ಟೇ ಕೇಳಿದಳು.

“ಲೆವೆಲ್ ಎಷ್ಟುದ್ದ ಇತ್ತು ಅಂತ ಗೊತ್ತಾಗಬೇಕು ಬೇ. ಕಾಗದ ಏನೂ ಉಳಿದಿಲ್ಲ. ಹೇಳೋರೂ ಯಾರೂ ಉಳಿದಿಲ್ಲ.”

“ನಿಮ್ಮಪ್ಪ ಹೇಳ್ಯಾನಲ್ಲ, ನಿನಗ. ಹೆಗಲ ಮ್ಯಾಲೆ ಕುಂದ್ರಿಸಿಕೊಂಡು.”

ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲೇ ತಾಯಿ ಮಗಳು ಕ್ಯಾಂಪಿನ ಬೀದಿಗಿಳಿದರು. ಬಿಳಿ ಚುಕ್ಕೆಯ ಬಾಗಿಲಲ್ಲಿ ಹುಲಿಗೆಮ್ಮನಿಗೆ ಕುರ್ಚಿ ಹಾಕಿದ್ದಾಯಿತು. ಅಪ್ಪ ಪ್ರತಿ ಭಾನುವಾರ ಮಗಳನ್ನು ಹೆಗಲಿಗೇರಿಸಿ, ‘ಬಾ, ನಮ್ಮ ಲೆವೆಲ್ ತೋರಿಸ್ತೀನಿ’ ಎಂದು ಬಾಗಿಲಿಂದ ಮೌಲಾಸಾಬನ ಬೇವಿನ ಮರದ ತನಕ ನಡೆಯುತ್ತಿದ್ದನಂತೆ. ಅಷ್ಟುದ್ದ. ಅಗಲ, ಎದುರುಬದುರಿನ ಎರಡು ಮನೆಗಳ ನಡುವಿನಷ್ಟು. ಎತ್ತರ, ನೀರಿನ ಟ್ಯಾಂಕಿನಷ್ಟು. ಅವ್ವ ಹೇಳುತ್ತ ಹೋದಂತೆ ಅಮರಮ್ಮನಿಗೇ ನೆನಪು ಮರಳಿತು. ಮೇಲಿನಿಂದ ಕಾಣುತ್ತಿದ್ದ ಹೆಂಚುಗಳ ಸಾಲು, ಅಪ್ಪನ ಎಣ್ಣೆ ಹಚ್ಚಿದ ತಲೆ, ಬೇವಿನ ಟೊಂಗೆ ಮುಖಕ್ಕೆ ತಾಗಿ ತಾನು ಕಿರುಚಿ ನಗುತ್ತಿದ್ದುದು. ಮರ ಈಗಲೂ ಇತ್ತು. ಮನೆಗಳಲ್ಲಿ ಹೆಚ್ಚಿನವಕ್ಕೆ ಸೂರಿರಲಿಲ್ಲ. ಅವಳು ಒಂದೊಂದೇ ಹೆಜ್ಜೆ ಎಣಿಸಿ ನಡೆದಳು. ಹದಿನೆಂಟಾದ ಮೇಲೆ ಬಗ್ಗಿ ನೆಲಕ್ಕೊಮ್ಮೆ ಬಡಿದಳು. ಬಾಗಿಲಲ್ಲಿ ಕೂತ ಅವ್ವ ದೂರದಿಂದ, “ಅಪ್ಪನ ಹೆಜ್ಜಿ ನಿನ್ನಕಿಂತ ದೊಡ್ಡವು, ನೆನಪಿರಲಿ!” ಎಂದು ಕೂಗಿದಳು.

ಶುಕ್ರವಾರ ಕಂಟ್ರೋಲ್ ರೂಮಿನಲ್ಲಿ ಅಮರಮ್ಮ ಕೂತು, “ತಪ್ಪು ನಂದು ಮೇಡಂ,” ಎಂದು ಶುರು ಮಾಡಿದಳು. ಎಲ್ಲವನ್ನೂ ಹೇಳಿದಳು. ಪ್ರಶಸ್ತಿಯ ಮಾತು, ನಿವೃತ್ತಿಯ ಮಾತು ತಲೆಯಲ್ಲಿ ಸುಳಿದು ಹೋಗದೆ ಇರಲಿಲ್ಲ. ಇದಕ್ಕೆ ಮೊದಲು ಬೇರೆ ಕಡೆ ಮಾಡಿದ್ದೂ ಸೇರಿ ಮೂವತ್ತು ವರ್ಷ ತಪ್ಪಿಲ್ಲದೆ ದುಡಿದವಳು ಬೀಳ್ಕೊಡುವ ತಿಂಗಳಲ್ಲಿ ತಪ್ಪೊಪ್ಪಿಕೊಳ್ಳುವುದು ಸುಲಭವಲ್ಲ. ಚೇತನಾ ಅಳತೆಗಳನ್ನು ಬರೆದುಕೊಳ್ಳುತ್ತ ಕೇಳಿದರು. ಕೊನೆಗೆ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತರು.

“ಮೊದಲು ಕಂಪನಿಯವರು ಬರೆದುಕೊಟ್ಟ ಹಾಗೆ ಹಾಕೋಣ. ಕುಸಿದಿದೆ, ಮರಳು ತುಂಬಿದೆ.”

ಅಮರಮ್ಮ ಅಳತೆಗಳನ್ನು ತುಂಬಿದಳು. ಏಳು ಇದ್ದದ್ದು ಐದಾಯಿತು. ಅದಕ್ಕಿಂತ ಇಳಿಯಲಿಲ್ಲ.

“ಈಗ ಖಾಲಿ ಅಂತ ಹಾಕಿ. ನಿಮ್ಮ ಅಮ್ಮ ಹೇಳಿದ ಹಾಗೆ. ಬಾಯಿ ಮಾತ್ರ ಕುಸಿದಿದೆ, ಒಳಗೆಲ್ಲ ಖಾಲಿ.”

ಪರದೆ ಒಂದು ಕ್ಷಣ ಯೋಚಿಸಿತು. ಎಂಟು ತಿಂಗಳಿಂದ ಕದಲದೆ ಕೂತಿದ್ದ ಅಂಕಿ ಅಳಿಸಿ ಆ ಜಾಗದಲ್ಲಿ ಸೊನ್ನೆ ಬಂತು. ಚೇತನಾ ಮೂರು ಸಲ ಮತ್ತೆ ಲೆಕ್ಕ ಹಾಕಿಸಿದರು. ಮೂರು ಸಲವೂ ಸೊನ್ನೆ. ಜಗತ್ತಿನಲ್ಲಿ ಮೊದಲ ಬಾರಿಗೆ ಒಂದು ಗಡಿಯಾರ, ಯಾರೂ ಕಾಣದ ಕೋಣೆಯೊಂದನ್ನು ಬಂಡೆಯೊಳಗೆ ಕಂಡುಹಿಡಿದಿತ್ತು. ಪ್ರಯೋಗಾಲಯ ಉಳಿದಂತೆಯೇ. ಚಪ್ಪಾಳೆ ಹೊಡೆದು ಕುಣಿಯಬೇಕಾದ ಗಳಿಗೆ ಅದು. ಇಬ್ಬರೂ ಕುಣಿಯಲಿಲ್ಲ. ಆ ಸೊನ್ನೆಯ ಅರ್ಥ ಇಬ್ಬರಿಗೂ ಗೊತ್ತಿತ್ತು. ಒಳಗೆ ಜಾಗವಿತ್ತು, ಗಾಳಿಯಿತ್ತು, ಬಡಿಯುವ ಕೈಗಳಿದ್ದವು.

“ನಿಮ್ಮ ಅಮ್ಮನಿಗೆ ಹೇಗೆ ಹೇಳ್ತೀರಿ?” ಎಂದು ಚೇತನಾ ಮೆಲ್ಲಗೆ ಕೇಳಿದರು.

“ಅಕಿಗೆ ಮೊದಲಿಂದ್ಲೂ ಗೊತ್ತದ ಮೇಡಂ. ನಮಗ ಈಗ ಗೊತ್ತಾತು, ಅಷ್ಟ.”

ಸೋಮವಾರ ಸಮಿತಿಯವರು ಎರಡು ತಾಸು ಪ್ರಶ್ನೆ ಕೇಳಿ, ಕೊನೆಗೆ ಎದ್ದುನಿಂತು ಅಭಿನಂದಿಸಿದರು. ಹನ್ನೊಂದು ಜನರ ವಿಚಾರವನ್ನು ಮತ್ತೆ ತೆರೆಯಬೇಕೆಂದು ಚೇತನಾ ವರದಿಯ ಕೊನೆಯಲ್ಲಿ ತಾವಾಗಿ ಬರೆದಿದ್ದರು. ಅದಕ್ಕೂ ಅವರು ಸಹಿ ಹಾಕಿದರು. ನಕ್ಷೆಯ ತಪ್ಪು ಯಾರದೆಂದು ಯಾರೂ ಕೇಳಲಿಲ್ಲ. ಅಮರಮ್ಮ ತಾನಾಗಿಯೇ ಹೇಳಿದಳು.

ಬುಧವಾರ ಹುಲಿಗೆಮ್ಮ ಇಳಕಲ್ ಸೀರೆ ಉಟ್ಟು ಪ್ರಯೋಗಾಲಯಕ್ಕೆ ಬಂದಳು. ಗಡಿಯಾರ ನೋಡುವುದೆಂದು ನೆಪ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಹೆಂಗಸರು ಕೆಳಗಿಳಿಯುವಂತಿರಲಿಲ್ಲ. ಶಾಫ್ಟಿನ ಬಾಯಿಯೇ ಅವರ ಗಡಿ. ಎಂಬತ್ನಾಲ್ಕರಲ್ಲಿ ಮೊದಲ ಸಲ ಅವಳು ಕೇಜಿನೊಳಗೆ ಕಾಲಿಟ್ಟಳು. ತಲೆಗೆ ಹಳದಿ ಹೆಲ್ಮೆಟ್ ಹಾಕಿದಾಗ, “ಇದರಾಗ ಕಾರ್ಬೈಡ್ ವಾಸನಿನೇ ಇಲ್ಲಲ್ಲ,” ಎಂದು ಕೊರತೆ ತೆಗೆದಳು.

ಕೇಜ್ ಇಳಿಯತೊಡಗಿತು. ಒಂದೊಂದು ಲೆವೆಲ್ ದಾಟಿದಾಗಲೂ ಯಂತ್ರದ ದನಿ ನಂಬರ್ ಹೇಳುತ್ತಿತ್ತು. ಹುಲಿಗೆಮ್ಮ ಅದರ ಜೊತೆಗೇ ತುಟಿಯಲ್ಲಿ ಎಣಿಸುತ್ತ ಬಂದಳು. ಹದಿನಾರು. ಹದಿನೇಳು. ಅವಳ ಬಲಗೈ ಕೇಜಿನ ಕಬ್ಬಿಣದ ಗೋಡೆಯ ಹತ್ತಿರ ಹೋಯಿತು.

“ಹದಿನೆಂಟು,” ಎಂದಿತು ಯಂತ್ರ.

ಸ್ವಲ್ಪ ತಡೆದು ಹುಲಿಗೆಮ್ಮ ಬಡಿದಳು. ಟಕ್.

ಅಮರಮ್ಮ ಕೆಂಪು ಗುಂಡಿ ಒತ್ತಿದಳು. ಕೇಜ್ ಒಮ್ಮೆ ಜಗ್ಗಿ ನಿಂತಿತು. ಎದುರಿಗೆ ನುಣುಪಾದ ಸಿಮೆಂಟ್ ಗೋಡೆ, ಬೇರೇನಿಲ್ಲ. ಕೇಜಿನ ಸ್ಪೀಕರಿನಲ್ಲಿ ಚೇತನಾ ಅವರ ಗಾಬರಿಯ ದನಿ ಕೇಳಿಸಿತು. “ಅಮರಮ್ಮ, ಕೇಜ್ ಯಾಕೆ ನಿಂತಿತು? ಏನಾದರೂ ತೊಂದರೆಯಾ?”

“ಇಲ್ಲ ಮೇಡಂ. ಮಂದಿ ಹತ್ತಬೇಕು.”

ಹುಲಿಗೆಮ್ಮ ಸರಳುಗಳ ನಡುವೆ ಕೈ ತೂರಿಸಿ ಸಿಮೆಂಟಿನ ಮೇಲೆ ಅಂಗೈಯಿಟ್ಟಳು. ಎಷ್ಟೋ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಬದಿಗೆ ಸರಿದು, ಬಂದವರಿಗೆ ಜಾಗ ಬಿಡುವವಳಂತೆ ಗೋಡೆಗೆ ಆತು ನಿಂತಳು. ಅಮರಮ್ಮನೂ ಸರಿದು ನಿಂತಳು.

“ಹತ್ತೊಂಬತ್ತು,” ಎಂದಳು ಹುಲಿಗೆಮ್ಮ. ಐವತ್ತನಾಲ್ಕು ವರ್ಷ ಆಡದ ಶಬ್ದ ಅವಳ ಬಾಯಲ್ಲಿ ಚೂರೂ ತೊದಲಲಿಲ್ಲ.

“ಕೆಳಗ ಹೋಗೂಣೇನು ಬೇ? ಗಡಿಯಾರ ಇನ್ನೊಂದೇ ಲೆವೆಲ್.”

“ಗಡಿಯಾರ ನಾಳೆ ನೋಡತೀನಿ. ಎಲ್ಲಾರೂ ದಣದಾರ,” ಎಂದು ಹುಲಿಗೆಮ್ಮ ಕಬ್ಬಿಣದ ಗೋಡೆಯ ಮೇಲೆ ಮೂರು ಸಲ ಬಡಿದಳು.

ಕೇಜ್ ಮೇಲಕ್ಕೆ ಹೊರಟಿತು.